ಎದುರಿಗೆ ಬಂದು ಮಾತಾಡ್ರಿ

ಕಣಿವೆ ಗಾರ್ಮೆಂಟ್ಸ್
ಮಾನವ ಸಂಪನ್ಮೂಲ ವಿಭಾಗ, ಹಿರಿಯೂರು
೧೦ ಜೂನ್ ೨೦೨೪

ರಿಜಿಸ್ಟರ್ಡ್ ಅಂಚೆ ಮೂಲಕ

ಶ್ರೀಮತಿ ಮರುಳಸಿದ್ದಮ್ಮ
ಸೂಪರ್‌ವೈಸರ್, ಮೂರನೇ ಲೈನ್
ಹಾಲಿ ವಿಳಾಸ: ಶಿವಗಂಗಮ್ಮನವರ ಮನೆ, ಸಂತೆ ಮೈದಾನದ ಹತ್ತಿರ, ಹೊಸದುರ್ಗ

ವಿಷಯ: ಕಾರಣ ಕೇಳಿ ನೋಟಿಸ್

ಕಳೆದ ತಿಂಗಳ ೨೮ರಂದು ಮೂರನೇ ಲೈನಿನಲ್ಲಿ ಕಾಲರ್ ಹೊಲಿಯುತ್ತಿದ್ದ ಕು. ದಿವ್ಯಾ ಅವರ ಬೆರಳಿಗೆ ಮಿಷನ್ನಿನ ಸೂಜಿ ಹೊಕ್ಕಿತ್ತು. ಅವರು ಕಿರುಚಿಕೊಂಡರೂ ಪಕ್ಕದಲ್ಲೇ ನಿಂತಿದ್ದ ತಾವು ತಿರುಗಿಯೂ ನೋಡಲಿಲ್ಲವೆಂದು ದೂರು ಬಂದಿದೆ. ಕೆಲಸಗಾರರು ಕರೆದರೆ ತಾವು ಉತ್ತರ ಕೊಡುವುದಿಲ್ಲ, ಶೌಚಕ್ಕೆ ಹೋಗಲು ಅನುಮತಿ ಕೇಳಿದರೂ ಮುಖ ತಿರುಗಿಸಿಕೊಂಡು ಹೋಗುತ್ತೀರಿ, ಮಾತೆತ್ತಿದರೆ ಕಿರುಚುತ್ತೀರಿ ಎಂದೂ ದೂರಿನಲ್ಲಿದೆ. ದೂರು ಕೊಟ್ಟವರ ಹೆಸರನ್ನು ಗೋಪ್ಯವಾಗಿ ಇಡಲಾಗಿದೆ.

ಘಟನೆಯ ಮರುದಿನದಿಂದ ತಾವು ರಜೆಯಲ್ಲಿದ್ದೀರಿ. ಹಲವು ಬಾರಿ ಫೋನ್ ಮಾಡಿದರೂ ತಾವು ಎತ್ತಿಲ್ಲ. ಈ ನೋಟಿಸ್ ತಲುಪಿದ ಏಳು ದಿನಗಳೊಳಗೆ ಲಿಖಿತ ವಿವರಣೆ ನೀಡತಕ್ಕದ್ದು. ತಪ್ಪಿದಲ್ಲಿ ಶಿಸ್ತು ಕ್ರಮ ಜರುಗಿಸಲಾಗುವುದು.

ಕಾವ್ಯಶ್ರೀ
ಎಚ್.ಆರ್. ಅಧಿಕಾರಿ

*

ಹೊಸದುರ್ಗ
೧೮ ಜೂನ್ ೨೦೨೪

ಕಾವ್ಯಶ್ರೀ ಮೇಡಂ ಅವರಿಗೆ,

ನೋಟಿಸ್ ಬಂತು. ತಪ್ಪು ನಂದೇ. ವಿವರಣೆ ಏನೂ ಇಲ್ಲ. ನಾನು ಕೆಲಸ ಬಿಡ್ತಾ ಇದೀನಿ. ಇದನ್ನೇ ರಾಜೀನಾಮೆ ಅಂತ ತಿಳ್ಕಳ್ರಿ.

ಪಿ.ಎಫ್. ಕಾಗದ ಇದ್ರೆ ಈ ವಿಳಾಸಕ್ಕೆ ಕಳಿಸ್ರಿ, ಸಹಿ ಹಾಕಿ ಕಳಿಸ್ತೀನಿ. ಫೋನ್ ಮಾಡಬ್ಯಾಡ್ರಿ.

ಮರುಳಸಿದ್ದಮ್ಮ

*

ಹಿರಿಯೂರು
೨೪ ಜೂನ್ ೨೦೨೪

ಮರುಳಸಿದ್ದಮ್ಮನವರಿಗೆ,

ನಿಮ್ಮ ಪತ್ರ ಕೈಸೇರಿತು. ಹನ್ನೊಂದು ವರ್ಷ ದುಡಿದವರು ನಾಲ್ಕು ಸಾಲು ಬರೆದು ಬಿಟ್ಟು ಹೋಗುವುದು ನನಗೆ ಸರಿ ಕಾಣಲಿಲ್ಲ. ಆಪಾದನೆಗೆ ಉತ್ತರ ಕೊಡುವುದು ನಿಮ್ಮ ಹಕ್ಕು. ವಿಚಾರಣೆಗೆ ಬರುವಾಗ ನಿಮಗೆ ಬೇಕಾದ ಸಹೋದ್ಯೋಗಿಯನ್ನು ಜೊತೆಗೆ ಕರೆತರಬಹುದು. ಬರುವುದು ಕಷ್ಟವಾದರೆ ಸಂಜೆ ಐದರ ಮೇಲೆ ಯಾವಾಗ ಬೇಕಾದರೂ ನನಗೆ ಫೋನ್ ಮಾಡಿ.

ಇನ್ನೊಂದು ಮಾತು, ಇದು ಆಫೀಸಿನ ಮಾತಲ್ಲ. ಏಪ್ರಿಲ್‌ನಲ್ಲಿ ಫ್ಲೋರ್ ಇನ್‌ಚಾರ್ಜ್ ಹುದ್ದೆ ನಿಮ್ಮ ಕೈತಪ್ಪಿ ಬೇರೆಯವರಿಗೆ ಹೋಯಿತು. ಆಗಿನಿಂದ ನೀವು ನನ್ನ ಜೊತೆಯೂ ಸರಿಯಾಗಿ ಮಾತಾಡುತ್ತಿಲ್ಲ. ಗೇಟಿನ ಹತ್ತಿರ ನಮಸ್ಕಾರ ಹೇಳಿದರೂ ಕಂಡೂ ಕಾಣದ ಹಾಗೆ ಹೋಗುತ್ತೀರಿ. ಆ ಸಿಟ್ಟೇ ಲೈನಿನ ಹುಡುಗಿಯರ ಮೇಲೆ ತಿರುಗಿತೇ? ಹಾಗಿದ್ದರೆ ಅದನ್ನಾದರೂ ಬಾಯಿಬಿಟ್ಟು ಹೇಳಿ. ಸಿಟ್ಟು ಎಲ್ಲರಿಗೂ ಬರುತ್ತದೆ. ಅದಕ್ಕೆ ದಾರಿ ಹುಡುಕಬಹುದು.

ಕಾವ್ಯಶ್ರೀ

*

ಹೊಸದುರ್ಗ
೩ ಜುಲೈ ೨೦೨೪

ಮೇಡಂ,

ಇನ್‌ಚಾರ್ಜ್ ಪೋಸ್ಟ್ ನಂಗೆ ಬೇಕೇ ಇರ್ಲಿಲ್ಲ. ಅರ್ಜಿ ಹಾಕಿದ್ದು ನಾನಲ್ಲ, ಲೈನಿನೋರು ಸೇರಿ ಬಲವಂತ ಮಾಡಿ ಹಾಕ್ಸಿದ್ದು. ದಿನಾ ಮೀಟಿಂಗ್, ದಿನಾ ಬೆಂಗಳೂರಿನ ಫೋನು. ಅದು ತಪ್ಪಿದ ದಿನ ನಾನು ದೇವರಿಗೆ ಕಾಯಿ ಒಡೆಸಿದ್ದೆ. ನೀವು ಸಿಟ್ಟು ಅಂತ ಬರೆದ್ರಿ.

ಆ ಫ್ಯಾಕ್ಟ್ರಿ ಶುರುವಾದಾಗ ತಗಡಿನ ಶೆಡ್ಡು, ಇಪ್ಪತ್ತು ಮಿಷನ್. ಆಗಿಂದ ನಾನು ಅಲ್ಲಿದೀನಿ. ನಮ್ಮ ಮನೆಯೋರು ತೀರ್ಕಂಡ ಮೇಲೆ ಆ ಲೈನೇ ನನ್ನ ಮನೆ ಆಗಿತ್ತು. ಎಷ್ಟು ಹುಡ್ಗೇರಿಗೆ ಕೈ ಹಿಡಿದು ಹೊಲಿಗೆ ಕಲ್ಸೀನಿ, ಅವ್ರನ್ನೇ ಕೇಳ್ರಿ. ಬೇಕಂತ ಯಾರಿಗೂ ನೋವು ಮಾಡೋಳಲ್ಲ ನಾನು.

ನೀವು ನನ್ನ ಮೇಲೆ ಕರುಣೆ ಇದ್ದೋರ ಹಂಗೆ ಬರೀತೀರಿ. ಆದ್ರೆ ನೀವೂ ಮ್ಯಾನೇಜರ್ ಗಂಗಾಧರಪ್ಪನೋರೂ ಗಾಜಿನ ರೂಮಿನಾಗೆ ನಿಂತು, ನನ್ನ ಕಡೆ ಕೈ ತೋರ್ಸಿ ನಕ್ಕಿದ್ದು ನಾನು ನೋಡೀನಿ. ಸೂಜಿ ಹೊಕ್ಕ ಹಿಂದಿನ ದಿನ. ಅವತ್ತೇ ತಿಳ್ಕಂಡೆ, ನನ್ನ ಕಥೆ ಮುಗೀತು, ಎಲ್ಲಾರಿಗೂ ಗೊತ್ತಾಗೈತೆ ಅಂತ.

ಆ ಹುಡುಗಿ ಬೆರಳು ಹೆಂಗೈತೆ? ಕೀವು ಆಗಿಲ್ಲ ತಾನೆ? ಇದೊಂದು ಬರೀರಿ. ಬೇರೆ ಏನೂ ಬರೀಬ್ಯಾಡ್ರಿ.

ಮರುಳಸಿದ್ದಮ್ಮ

*

ಹಿರಿಯೂರು
೧೪ ಜುಲೈ ೨೦೨೪

ಮರುಳಸಿದ್ದಮ್ಮನವರೇ,

ಮೊದಲು ಬೆರಳಿನ ವಿಷಯ. ಗಾಯ ಒಣಗಿದೆ. ಉಗುರು ಹೋಗಿದೆ, ಹೊಸದು ಬರುತ್ತಿದೆ. ದಿವ್ಯಾ ಕೆಲಸಕ್ಕೆ ಬಂದಿದ್ದಾಳೆ. ಸದ್ಯಕ್ಕೆ ಕಾಲರ್ ಬಿಡಿಸಿ ಗುಂಡಿ ಹಾಕುವ ಕಡೆ ಕೂರಿಸಿದ್ದೇವೆ.

ಆಮೇಲೆ ನಕ್ಕ ವಿಷಯ. ಎರಡು ದಿನ ನೆನಪು ಮಾಡಿಕೊಂಡೆ. ನಾವು ಕೈ ತೋರಿಸಿದ್ದು ನಿಮಗಲ್ಲ. ನಿಮ್ಮ ಹಿಂದೆ, ಎಣಿಸಿ ಇಟ್ಟಿದ್ದ ಅಂಗಿ ತೋಳುಗಳ ರಾಶಿಯ ಮೇಲೆ ಬೆಕ್ಕೊಂದು ಕಾಲು ಚಾಚಿ ಮಲಗಿತ್ತು. 'ಕ್ವಾಲಿಟಿ ಚೆಕಿಂಗ್‌ಗೆ ಯಾರು ಇದನ್ನ ತಗಂಡಿದ್ದು?' ಅಂದರು ಗಂಗಾಧರಪ್ಪನವರು. ಅವರು ತಮಾಷೆ ಮಾಡೋದೇ ಅಪರೂಪ, ಅದಕ್ಕೇ ನಾನೂ ಜೋರಾಗಿ ನಕ್ಕೆ. ನಡೆದದ್ದು ಇಷ್ಟೇ.

ಆದರೆ ನಿಮ್ಮ ಒಂದು ಮಾತು ನನ್ನನ್ನು ಬಿಡಲಿಲ್ಲ. 'ಎಲ್ಲಾರಿಗೂ ಗೊತ್ತಾಗೈತೆ' ಅಂತ ಬರೆದಿದ್ದೀರಿ. ಏನು ಗೊತ್ತಾಗುವುದು ಇತ್ತು?

ನಿನ್ನೆ ಶನಿವಾರ ಮಧ್ಯಾಹ್ನ ಪೂರ್ತಿ ಮೂರನೇ ಲೈನಿನಲ್ಲಿ ಕೂತಿದ್ದೆ. ನಿಮ್ಮ ಹಳೇ ಟೈಲರ್ ಏಕನಾಥಮ್ಮ ಹೇಳಿದರು: 'ಅಕ್ಕ ಮೊದ್ಲು ಹಿಂಗಿರ್ಲಿಲ್ಲ ಮೇಡಂ. ದೂಳಿಗೆ ಅಂತ ಈ ಮಾಸ್ಕ್ ಹಾಕ್ಕಂಡ್ ಮ್ಯಾಲೆ ಅವ್ರಿಗೆ ಸಿಟ್ಟು ಜಾಸ್ತಿ ಆತು.' ಅವರು ಮಾಸ್ಕ್ ಒಳಗಿನಿಂದ ಮಾತಾಡುತ್ತಿದ್ದರು. ಮಿಷನ್‌ಗಳ ಗದ್ದಲದಲ್ಲಿ ನನಗೆ ಅರ್ಧವೂ ತಿಳಿಯಲಿಲ್ಲ. 'ಮಾಸ್ಕ್ ಇಳಿಸ್ರಿ, ಬಾಯಿ ಕಾಣ್ಲಿ' ಅಂದೆ. ಅಂದ ತಕ್ಷಣ ನಾನೇ ಸುಮ್ಮನಾದೆ.

ರೂಮಿಗೆ ಬಂದು ಯೋಚಿಸಿದೆ. ಮಾಸ್ಕ್ ಕಡ್ಡಾಯವಾದದ್ದು ಜನವರಿಯಲ್ಲಿ. ನಿಮ್ಮ ಮೇಲಿನ ದೂರುಗಳೆಲ್ಲ ಆಮೇಲಿನವು. ನನ್ನ ಟೇಬಲ್ ಮುಂದೆ ಕೂತಾಗ ನೀವು ನನ್ನ ಕಣ್ಣು ನೋಡುತ್ತಿರಲಿಲ್ಲ, ತುಟಿ ನೋಡುತ್ತಿದ್ದಿರಿ. ಹಲ್ಲಿಗೆ ಏನೋ ಸಿಕ್ಕಿಕೊಂಡಿದೆಯೇನೋ ಅಂತ ನೀವು ಹೋದ ಮೇಲೆ ಕನ್ನಡಿ ನೋಡಿಕೊಂಡಿದ್ದೂ ಉಂಟು. ನೀವು ಫೋನ್ ಎತ್ತುವುದಿಲ್ಲ. ಕಾಗದಕ್ಕೆ ಮಾತ್ರ ಉತ್ತರ ಬರೆಯುತ್ತೀರಿ.

ಅಕ್ಕ, ನಿಮಗೆ ಕಿವಿ ಸರಿಯಾಗಿ ಕೇಳಿಸುತ್ತಿಲ್ಲವೇ?

ನನ್ನ ಊಹೆ ತಪ್ಪಾಗಿದ್ದರೆ ಕ್ಷಮಿಸಿ. ಸರಿಯಾಗಿದ್ದರೂ ಉತ್ತರ ಬರೆಯಲೇಬೇಕು ಅಂತಿಲ್ಲ. ಇದನ್ನು ಯಾರಿಗೂ ಹೇಳಿಲ್ಲ. ಆಫೀಸಿನ ಕಂಪ್ಯೂಟರಿನಲ್ಲಿ ಬರೆದಿಲ್ಲ, ರೂಮಿನಲ್ಲಿ ಕೂತು ಕೈಯಲ್ಲೇ ಬರೆಯುತ್ತಿದ್ದೇನೆ.

ಕಾವ್ಯಶ್ರೀ

*

ಹಿರಿಯೂರು
೬ ಆಗಸ್ಟ್ ೨೦೨೪

ಅಕ್ಕ,

ನಿಮ್ಮಿಂದ ಕಾಗದವಿಲ್ಲ. ಉತ್ತರ ಬೇಕಿಲ್ಲ ಅಂತ ನಾನೇ ಬರೆದಿದ್ದೆ, ಆದರೂ ದಿನಾ ಅಂಚೆಯವರ ದಾರಿ ನೋಡುತ್ತಿದ್ದೇನೆ.

ಒಂದು ಭಯ ಹತ್ತಿಕೊಂಡಿದೆ. ಅಂಥ ವಿಷಯವನ್ನು ಕಾಗದದಲ್ಲಿ ಬರೆಯಬಾರದಿತ್ತು. ನಿಮ್ಮದು ತಂಗಿಯ ಮನೆ. ಬೇರೆಯವರ ಕೈಗೆ ಸಿಕ್ಕಿತೋ ಏನೋ. ನೀವು ಮುಚ್ಚಿಟ್ಟುಕೊಂಡದ್ದನ್ನು ನಾನೇ ಬೀದಿಗೆ ಎಳೆದ ಹಾಗಾಯಿತೇ? ನಮಗೆ ತರಬೇತಿಯಲ್ಲಿ ಮೊದಲು ಕಲಿಸುವುದೇ ಗುಟ್ಟು ಕಾಯುವುದನ್ನು. ನಿಮ್ಮ ವಿಷಯದಲ್ಲಿ ಅದನ್ನೇ ಮರೆತೆ.

ಸಿಟ್ಟಿದ್ದರೆ ಬೈದಾದರೂ ಒಂದು ಸಾಲು ಬರೆಯಿರಿ.

ಇಲ್ಲಿ ಎಲ್ಲ ಚೆನ್ನಾಗಿದೆ.

ಕಾವ್ಯಶ್ರೀ

*

ಹೊಸದುರ್ಗ
೧೩ ಆಗಸ್ಟ್ ೨೦೨೪

ಕಾವ್ಯಶ್ರೀ ಮೇಡಂಗೆ ಮರುಳಸಿದ್ದಮ್ಮ ಬರೆಯೋದು.

ನೀವು ಹೆದ್ರಿದಂಗೇ ಆತು. ಜುಲೈನಾಗೆ ಬಂದ ಕಾಗದ ನನ್ನ ತಂಗಿ ಶಿವಗಂಗಮ್ಮನ ಕೈಗೆ ಸಿಕ್ತು. ಕಂಪ್ನಿ ಕಾಗದ ಅಂತ ಅವಳೇ ಒಡೆದು ಓದಿದ್ಲು. ನಾನು ಹಿತ್ತಲಾಗೆ ಪಾತ್ರೆ ತಿಕ್ತಿದ್ದೆ. ಅವಳು ಬಂದು ಎದುರಿಗೆ ಕುಂತ್ಲು, ಕಾಗದ ಮುಂದೆ ಹಿಡಿದ್ಲು. ಓದ್ಕಂಡೆ. ನಿಮ್ಮ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಅವತ್ತು ನೀವು ಎದುರಿಗಿದ್ದಿದ್ರೆ ಏನಂತಿದ್ನೋ.

ಆಮೇಲೆ ನೋಡಿದ್ರೆ ನನ್ನ ತಂಗಿ ಅಳ್ತಾ ಅವಳೆ. ನನ್ನ ಕೈ ಹಿಡಕಂಡು, ಬಾಯಿ ಕಾಣೋ ಹಂಗೆ ನಿಧಾನಕ್ಕೆ ಹೇಳಿದ್ಲು: 'ಎರಡು ವರ್ಷದಿಂದ ನಿನ್ನ ಮೇಲೆ ಮುನಿಸ್ಕಂಡಿದ್ದೆ ಕಣಕ್ಕ. ಗೃಹಪ್ರವೇಶಕ್ಕೆ ಕರ್ದಾಗ ಫೋನ್‌ನಾಗೆ ಹೂಂ ಹೂಂ ಅಂದು ಬರ್ಲೇ ಇಲ್ಲ ನೀನು. ನಾವು ಬಡವ್ರು ಅಂತ ದೂರ ಮಾಡಿದ್ಲು ಅನ್ಕಂಡಿದ್ದೆ.' ಮೇಡಂ, ನಂಗೆ ಗೃಹಪ್ರವೇಶ ಅಂದಿದ್ದೇ ಕೇಳಿಸಿರ್ಲಿಲ್ಲ. ಏನೋ ಮಳೆ ಬೆಳೆ ಮಾತಾಡ್ತಾಳೆ ಅಂತ ಹೂಂ ಅಂದಿದ್ದೆ.

ನೀವು ಊಹೆ ಮಾಡಿದ್ದು ನಿಜ. ಶುರುವಾಗಿ ನಾಕೈದು ವರ್ಷ ಆಗಿರ್ಬೇಕು. ಮೊದ್ಲು ಫೋನ್ ಹೋತು. ಆಮೇಲೆ ಹಿಂದಿನಿಂದ ಕರೆಯೋದು ಹೋತು. ತುಟಿ ನೋಡಿ ಮಾತು ತಿಳ್ಕಳ್ಳೋದು ನಾನೇ ಕಲ್ತೆ. ಯಾರಿಗೂ ಗೊತ್ತಾಗ್ಲಿಲ್ಲ. ಮಾಸ್ಕ್ ಬಂದ ದಿನ ನನ್ನ ಪಾಲಿಗೆ ಕತ್ತಲೆ ಆದಂಗಾತು. ಮೂವತ್ತು ಜನರ ಬಾಯಿ ಒಂದೇ ಸಲ ಮುಚ್ಚಿಹೋತು. ಯಾರಾದ್ರೂ ಏನಾದ್ರೂ ಕೇಳ್ತಾರೆ ಅಂದ್ರೆ ಎದೆ ಹೊಡ್ಕಳೋದು. ಅವ್ರು ಕೇಳೋಕ್ಕಿಂತ ಮುಂಚೆ ನಾನೇ ಜೋರು ಮಾಡ್ತಿದ್ದೆ. ಜೋರು ಮಾಡೋರ ಹತ್ರ ಯಾರೂ ಹೆಚ್ಚಿಗೆ ಮಾತಾಡಾಕೆ ಬರಲ್ಲ ನೋಡ್ರಿ.

ಸೂಜಿ ಹೊಕ್ಕ ದಿನ ಎಲ್ಲಾರ ಮುಖ ಒಂದೇ ಕಡೆ ತಿರುಗಿದ್ದು ಕಂಡು ನಾನು ಹಿಂದೆ ತಿರುಗಿದೆ. ಅಷ್ಟೊತ್ತಿಗೆ ಏಕನಾಥಮ್ಮ ಮಿಷನ್ ಆರ್ಸಿದ್ಲು. ಆ ಹುಡುಗಿ ನನ್ನ ನೋಡಿದ ನೋಟ ಐತಲ್ಲ, ಅದನ್ನ ಮರೆಯಾಕೆ ಆಗ್ತಿಲ್ಲ.

ಯಾಕೆ ಹೇಳ್ಲಿಲ್ಲ ಅಂತ ಕೇಳ್ತೀರಿ. ನಮ್ಮವ್ವನಿಗೂ ಹಿಂಗೇ ಆಗಿತ್ತು. ಊರಾಗೆ ಅವಳ ಹೆಸರೇ ಹೋಗಿ ಕಿವುಡಿ ಅಂತ ಉಳೀತು. ರೇಷನ್ ಅಂಗಡಿ ಸಾಲಿನಾಗೂ ಹಂಗೇ ಕೂಗೋರು. ಕೂಗಿದ್ದು ಅವಳಿಗೆ ಕೇಳಿಸ್ತಿರ್ಲಿಲ್ಲ, ಪಕ್ಕದಾಗೆ ನಿಂತಿದ್ದ ನಂಗೆ ಕೇಳಿಸ್ತಿತ್ತು. ಫ್ಯಾಕ್ಟ್ರಿಯಾಗೆ ನನ್ನ ಅಕ್ಕ ಅಂತ ಕರೀತಾರೆ. ಆ ಅಕ್ಕ ಅನ್ನೋದು ಹೋಗಿ ಕಿವುಡಿ ಆಗೋ ಮುಂಚೆ ನಾನೇ ಬಿಟ್ಟು ಬರಾಣ ಅನ್ಕಂಡೆ.

ಈಗ ಹೇಳಿ ಏನು ಪ್ರಯೋಜನ. ರಾಜೀನಾಮೆ ಕೊಟ್ಟಾಯ್ತು. ನೀವು ಬೇರೆ ಯಾರಿಗೂ ಹೇಳಬ್ಯಾಡ್ರಿ. ಬೈದಾದ್ರೂ ಬರೀರಿ ಅಂದ್ರಿ. ಬೈಯಾಕೆ ಕುಂತೆ, ಕಾಗದ ಇಷ್ಟುದ್ದ ಆತು.

ಮರುಳಸಿದ್ದಮ್ಮ

*

ಹಿರಿಯೂರು
೨೧ ಆಗಸ್ಟ್ ೨೦೨೪

ಅಕ್ಕ,

ನಿಮ್ಮ ಕಾಗದ ಓದಿ ಕಣ್ಣೊರೆಸಿಕೊಂಡೆ. ಆಮೇಲೆ ಒಂದು ದೊಡ್ಡ ಉಸಿರು ಬಿಟ್ಟೆ. ಈಗ ನಾನು ಮುಚ್ಚಿಟ್ಟಿದ್ದನ್ನೂ ಹೇಳಬೇಕು.

ನಿಮ್ಮ ರಾಜೀನಾಮೆ ಇವತ್ತಿನವರೆಗೂ ಅಂಗೀಕಾರವಾಗಿಲ್ಲ. ಅದು ನನ್ನ ಡ್ರಾಯರ್‌ನಲ್ಲೇ ಇತ್ತು. ಹೆಡ್ ಆಫೀಸಿಗೆ ನಾನು ಕಳಿಸಲೇ ಇಲ್ಲ. ಹಾಗೆ ಇಟ್ಟುಕೊಳ್ಳುವ ಅಧಿಕಾರ ನನಗಿಲ್ಲ. 'ಇಲ್ಲಿ ಎಲ್ಲ ಚೆನ್ನಾಗಿದೆ' ಅಂತ ಬರೆದೆನಲ್ಲ, ಅವತ್ತೇ ಬೆಳಗ್ಗೆ ಗಂಗಾಧರಪ್ಪನವರು ನನ್ನನ್ನು ಕರೆಸಿದ್ದರು.

'ಆ ರಾಜೀನಾಮೆ ಎಲ್ಲಿ ಹೋತು?' ಅಂದರು.

'ನನ್ನ ಹತ್ರ ಐತೆ ಸಾರ್. ಕಳಿಸಿಲ್ಲ.'

'ಯಾಕೆ?'

'ಮನಸಾರೆ ಕೊಟ್ಟಿದ್ದಲ್ಲ ಅನ್ನಿಸ್ತು.'

'ನಿಮಗೆ ಅನ್ಸಿದ್ರ ಮೇಲೆ ಫ್ಯಾಕ್ಟ್ರಿ ನಡೀತೈತೇನಮ್ಮ? ಮೂರನೇ ಲೈನ್‌ಗೆ ಸೂಪರ್‌ವೈಸರ್ ಇಲ್ಲ. ಮೇಲಿನೋರಿಗೆ ನಾನೇನು ಹೇಳ್ಲಿ? ನಿಮ್ಮ ಪರ್ಮನೆಂಟ್ ಆರ್ಡರ್‌ಗೂ ನಾನೇ ಸಹಿ ಹಾಕ್ಬೇಕು, ನೆನಪೈತಲ್ಲ?'

ನನ್ನ ಪ್ರೊಬೇಷನ್ ಇನ್ನೂ ಮುಗಿದಿಲ್ಲ ಅಕ್ಕ. ನಿಮ್ಮ ಒಪ್ಪಿಗೆ ಇಲ್ಲದೆ ಏನನ್ನೂ ಹೇಳುವ ಹಾಗಿರಲಿಲ್ಲ, ಅದೂ ನನ್ನದು ಬರೀ ಊಹೆ. 'ಆರೋಗ್ಯದ ವಿಷಯ ಇರಬಹುದು ಸಾರ್. ಅದಕ್ಕಿಂತ ಹೆಚ್ಚಿಗೆ ಹೇಳೋಕೆ ಆಗಲ್ಲ' ಅಂದೆ.

ಅವರು ದನಿ ಇಳಿಸಿ ಕೇಳಿದರು: 'ಜೀವಕ್ಕೆ ಏನಾದ್ರೂ?'

'ಅಂಥದ್ದಲ್ಲ ಅನ್ಸುತ್ತೆ ಸಾರ್.'

'ಹಂಗಾದ್ರೆ ನೋಡಾಣ. ಆಗಸ್ಟ್ ಮುಗಿಯೋವರೆಗೂ ಟೈಮ್ ಕೊಡ್ತೀನಿ. ಆಯಮ್ಮ ತಗಡಿನ ಶೆಡ್ ಕಾಲದಿಂದ ಐತೆ.'

ಈಗ ಆಗಸ್ಟ್ ಮುಗಿಯುತ್ತಾ ಬಂದಿದೆ. ನೀವು ಒಪ್ಪಿದರೆ ಅವರೊಬ್ಬರಿಗೆ ಮಾತ್ರ ವಿಷಯ ಹೇಳುತ್ತೇನೆ. ಕಿವಿ ಕೇಳಿಸುವುದಿಲ್ಲ ಎಂಬ ಒಂದೇ ಕಾರಣಕ್ಕೆ ಯಾರನ್ನೂ ಕೆಲಸದಿಂದ ತೆಗೆಯಲು ನಾನು ಬಿಡುವುದಿಲ್ಲ. ಚಿತ್ರದುರ್ಗದಲ್ಲಿ ಜಿಲ್ಲಾ ಆಸ್ಪತ್ರೆಗೆ ಹೋಗಿ ಪರೀಕ್ಷೆ ಮಾಡಿಸೋಣ. ಇ.ಎಸ್.ಐ. ಕಾಗದಪತ್ರ ನನಗೆ ಬಿಡಿ.

ಒಂದನ್ನು ಮಾತ್ರ ನೇರವಾಗಿ ಹೇಳುತ್ತೇನೆ, ಬೇಜಾರಾಗಬೇಡಿ. ದೂರು ಕೊಟ್ಟವರು ಸುಳ್ಳು ಹೇಳಿಲ್ಲ. ಅವರು ಹೆದರಿದ್ದು ನಿಜ, ನೋವು ನಿಜ. ನೀವು ಒಳ್ಳೆಯವರು ಅಂತ ತೋರಿಸಲು ಅವರನ್ನು ಸುಳ್ಳುಗಾರರನ್ನಾಗಿ ಮಾಡುವುದು ನನ್ನಿಂದ ಆಗುವುದಿಲ್ಲ. ಕಾರಣ ಗೊತ್ತಾದ ಮೇಲೂ ಅವರಿಗೆ ನೀವು ಒಂದು ಮಾತು ಹೇಳಬೇಕಾಗುತ್ತದೆ. ಏನು ಹೇಳಬೇಕು, ಎಷ್ಟು ಹೇಳಬೇಕು ಅನ್ನುವುದು ನಿಮಗೇ ಬಿಟ್ಟದ್ದು.

ಹೂಂ ಅಂತ ಒಂದು ಸಾಲು ಬರೆದರೆ ಸಾಕು.

ಕಾವ್ಯಶ್ರೀ

*

ಹೊಸದುರ್ಗ
೨೬ ಆಗಸ್ಟ್ ೨೦೨೪

ಮೇಡಂ,

ಹೂಂ. ಈ ಸಲ ಕೇಳಿಸ್ಕಂಡೇ ಹೂಂ ಅಂತಿರೋದು.

ನಿಮ್ಮ ನೌಕರಿಗೆ ಕುತ್ತು ಬರೋ ಹಂಗೆ ಏನೂ ಮಾಡಬ್ಯಾಡ್ರಿ. ಮ್ಯಾನೇಜರ್‌ಗೆ ಹೇಳ್ರಿ. ಅವ್ರು ಬ್ಯಾಡ ಅಂದ್ರೆ ಅಲ್ಲಿಗೇ ಬಿಟ್ಬಿಡ್ರಿ.

ಮರುಳಸಿದ್ದಮ್ಮ

*

ಹೊಸದುರ್ಗ
೫ ಅಕ್ಟೋಬರ್ ೨೦೨೪

ಕಾವ್ಯಶ್ರೀ ಮೇಡಂಗೆ,

ಅವತ್ತು ದುರ್ಗದ ಆಸ್ಪತ್ರೆ ಬಾಗಿಲಿನಾಗೆ ನೀವು ನಿಂತಿದ್ದು ನೋಡಿ ನನ್ನ ತಂಗಿ, 'ಇಷ್ಟು ಸಣ್ಣ ಹುಡುಗಿನಾ ನಿನ್ನ ಆಫೀಸರು?' ಅಂದ್ಲು. ನಿಮಗೆ ಬಸ್ಸಿಗೆ ಹೊತ್ತಾಗಿತ್ತು. ಡಾಕ್ಟ್ರು ಕೊನೇಗೆ ಹೇಳಿದ್ದು ನಿಮಗೆ ತಿಳೀಲಿಲ್ಲ, ಅದನ್ನ ಬರೀತೀನಿ.

ಸಣ್ಣ ಕೋಣೆಯಾಗೆ ಕೂರಿಸಿ, ತಲೆಗೆ ಅದೇನೋ ಸಿಗ್ಸಿ, ಸದ್ದು ಕೇಳಿಸಿದ್ರೆ ಗುಂಡಿ ಒತ್ತು ಅಂದ್ರಲ್ಲ. ನಾನು ಬಹಳ ಹೊತ್ತು ಒತ್ತಲೇ ಇಲ್ಲ. ಇನ್ನೂ ಶುರು ಮಾಡಿಲ್ಲ ಅನ್ಕಂಡು ಕುಂತಿದ್ದೆ. ಗಾಜಿನ ಆಚೆ ಪರೀಕ್ಷೆ ಮಾಡ್ತಿದ್ದ ಆಯಮ್ಮನ ಮುಖ ನೋಡಿದಾಗ್ಲೇ ಗೊತ್ತಾಗಿದ್ದು, ಆಗ್ಲೇ ಎಷ್ಟೋ ಸದ್ದು ಬಂದು ಹೋಗ್ಯಾವೆ ಅಂತ. ಆಗ ಮಾತ್ರ ದುಃಖ ತಡಿಯಾಕಾಗ್ಲಿಲ್ಲ.

ಡಾಕ್ಟ್ರು ಹೇಳಿದ್ದು: ನಮ್ಮವ್ವನಿಂದ ಬಂದಿರಬೋದು, ಮಿಷನ್ ಗದ್ದಲದಿಂದ ಆಗಿರಬೋದು, ಎರಡೂ ಸೇರಿರಬೋದು. ಹೋಗಿದ್ದು ವಾಪಸ್ ಬರಲ್ಲ. ಆದ್ರೆ ಉಳಿದಿದ್ರಾಗೆ ಚೆನ್ನಾಗಿ ಬದುಕಬೋದು.

ಈಗ ಕಿವಿ ಮಿಷನ್ ಬಂದೈತೆ. ಹಾಕ್ಕಂಡ್ ದಿನ ಬಸ್ ಸ್ಟ್ಯಾಂಡಿಗೆ ಹೋದ್ವಿ. ಕಂಡಕ್ಟರ್ 'ಹೊಳಲ್ಕೆರೆ, ಹೊಳಲ್ಕೆರೆ' ಅಂತ ಕೂಗಿದ್ದಕ್ಕೆ ಬೆಚ್ಚಿಬಿದ್ದು, ಕಿತ್ತು ಡಬ್ಬಿಯಾಗೆ ಇಟ್ಟೆ. ಡಾಕ್ಟ್ರು ದಿನಾ ಸ್ವಲ್ಪ ಸ್ವಲ್ಪ ಹೊತ್ತು ಹಾಕ್ಕಳ್ರಿ ಅಂದವ್ರೆ. ಇನ್ನೊಂದು ಗೊತ್ತಾತು. ನನ್ನ ತಂಗಿ ಅಡಿಗೆಮನೆಯಾಗೆ ಒಬ್ಬಳೇ ಗೊಣಗ್ತಾಳೆ. ಬೆಳಿಗ್ಗೆಯಿಂದ ಸಂಜೆವರೆಗೂ ಗೊಣಗ್ತಾಳೆ. 'ನನ್ನೇ ಬೈತಿದ್ಯೇನೆ?' ಅಂದ್ರೆ, 'ಅಯ್ಯೋ, ಇಷ್ಟು ದಿನ ಆರಾಮಾಗಿ ಬೈಕಂಡಿದ್ದೆ, ಇನ್ಮೇಲೆ ಅದಕ್ಕೂ ಕಲ್ಲು ಬಿತ್ತು' ಅಂತಾಳೆ. ಇಬ್ರೂ ಹೊಟ್ಟೆ ಹಿಡ್ಕಂಡು ನಕ್ವಿ.

ಮೇಡಂ, ಮ್ಯಾನೇಜರ್ ಒಪ್ಪಿದ್ರು ಅಂದ್ರಲ್ಲ, ರಾಜೀನಾಮೆ ವಾಪಸ್ ಕೊಡ್ರಿ ಅಂತ ಬರೆದು ಇದ್ರ ಜೊತೆ ಇಟ್ಟೀನಿ. ಲೈನಿನೋರಿಗೆ ನೀವು ಹೇಳಬ್ಯಾಡ್ರಿ. ನಾನೇ ಹೇಳ್ತೀನಿ. ಹೆಂಗೆ ಅಂತ ಇನ್ನೂ ಗೊತ್ತಿಲ್ಲ.

ಮರುಳಸಿದ್ದಮ್ಮ

*

ಕಣಿವೆ ಗಾರ್ಮೆಂಟ್ಸ್
ಮಾನವ ಸಂಪನ್ಮೂಲ ವಿಭಾಗ, ಹಿರಿಯೂರು
೨೧ ಅಕ್ಟೋಬರ್ ೨೦೨೪

ಶ್ರೀಮತಿ ಮರುಳಸಿದ್ದಮ್ಮನವರಿಗೆ,

ವಿಷಯ: ವಿಚಾರಣೆ ಮುಕ್ತಾಯ ಮತ್ತು ಕೆಲಸಕ್ಕೆ ಮರುಹಾಜರಾತಿ

ವೈದ್ಯಕೀಯ ವರದಿ ಹಾಗೂ ಎರಡೂ ಕಡೆಯ ಹೇಳಿಕೆಗಳನ್ನು ಪರಿಶೀಲಿಸಲಾಗಿದೆ. ದೂರಿನಲ್ಲಿರುವ ಘಟನೆಗಳು ನಡೆದಿರುವುದು ನಿಜ, ಅವು ಉದ್ದೇಶಪೂರ್ವಕವಲ್ಲ ಎಂದು ತೀರ್ಮಾನಿಸಲಾಗಿದೆ. ಕೆಲಸಗಾರರೊಂದಿಗೆ ದನಿಯೇರಿಸಿ ನಡೆದುಕೊಂಡ ಬಗ್ಗೆ ತಮಗೆ ಲಿಖಿತ ತಿಳಿವಳಿಕೆ ನೀಡಿ ನೋಟಿಸನ್ನು ಮುಕ್ತಾಯಗೊಳಿಸಲಾಗಿದೆ. ತಮ್ಮ ರಾಜೀನಾಮೆಯನ್ನು ತಮ್ಮ ಕೋರಿಕೆಯಂತೆ ಹಿಂತಿರುಗಿಸಲಾಗಿದೆ.

ದೀಪಾವಳಿ ರಜೆಯ ನಂತರ ಮೂರನೇ ಲೈನಿನ ಸೂಪರ್‌ವೈಸರ್ ಆಗಿ, ಮೊದಲಿನ ವೇತನದಲ್ಲೇ ಹಾಜರಾಗತಕ್ಕದ್ದು. ಲೈನಿನ ಪ್ರತಿ ಮಿಷನ್ ಮೇಲೂ ಕೆಂಪು ದೀಪ ಅಳವಡಿಸಲಾಗಿದೆ. ಕೆಲಸಗಾರರು ಗುಂಡಿ ಒತ್ತಿದರೆ ದೀಪ ಉರಿಯುವುದು.

ಕಾವ್ಯಶ್ರೀ
ಎಚ್.ಆರ್. ಅಧಿಕಾರಿ

ಅಕ್ಕ, ಮೇಲಿನದು ಫೈಲಿಗೆ. ಕೆಳಗಿನದು ನಿಮಗೆ. ದೀಪದ ಯೋಚನೆ ಗಂಗಾಧರಪ್ಪನವರದ್ದು. ವರದಿ ಓದಿದ ಮೇಲೆ ಅವರು ಫ್ಯಾಕ್ಟರಿಯವರಿಗೆಲ್ಲ ಕಿವಿ ಪರೀಕ್ಷೆ ಮಾಡಿಸಿದರು. ಇನ್ನೂ ಇಬ್ಬರಿಗೆ ತೊಂದರೆ ಶುರುವಾಗಿರುವುದು ಗೊತ್ತಾಯಿತು. ಅವರು ಯಾರೆಂದು ನಿಮಗೂ ಹೇಳುವುದಿಲ್ಲ. ಎಲ್ಲರನ್ನೂ ಸಾಲಿನಲ್ಲಿ ನಿಲ್ಲಿಸಿದ ಗಂಗಾಧರಪ್ಪನವರು ತಾವು ಮಾತ್ರ 'ನಂಗೆ ಮೀಟಿಂಗ್ ಐತೆ' ಅಂತ ಕೊನೆಯವರೆಗೂ ಆ ಕುರ್ಚಿಯಲ್ಲಿ ಕೂರಲಿಲ್ಲ.

ನನ್ನ ಪರ್ಮನೆಂಟ್ ಆರ್ಡರ್‌ಗೆ ಸಹಿ ಬಿದ್ದಿದೆ. ಸಹಿ ಹಾಕುತ್ತಾ, 'ಇನ್ನೊಂದ್ ಸಲ ಡ್ರಾಯರ್‌ನಾಗೆ ಏನಾದ್ರೂ ಬಚ್ಚಿಟ್ರೆ ಮೊದ್ಲು ನಂಗೆ ಹೇಳಿ ಬಚ್ಚಿಡ್ರಿ' ಅಂದರು.

ನೀವು ಬರುವ ದಿನ ನಾನು ಇರುವುದಿಲ್ಲ. ಅಮ್ಮನ ಕಣ್ಣಿನ ಆಪರೇಷನ್ನಿಗೆ ಹೊಳಲ್ಕೆರೆಗೆ ಹೋಗುತ್ತಿದ್ದೇನೆ. ಮೊದಲ ದಿನ ಹೇಗಿತ್ತು ಅಂತ ಅಲ್ಲಿಗೆ ಬರೆಯಿರಿ. ವಿಳಾಸ ಹಿಂದಿನ ಮಗ್ಗುಲಲ್ಲಿದೆ.

*

ಹಿರಿಯೂರು
೧೧ ನವೆಂಬರ್ ೨೦೨೪

ಕಾವ್ಯಶ್ರೀ ಮೇಡಂಗೆ,

ನಿಮ್ಮ ಅಮ್ಮನೋರ ಕಣ್ಣು ಹೆಂಗೈತೆ? ಪಟ್ಟಿ ಬಿಚ್ಚಿದ್ರಾ? ಒಗ್ಗರಣೆ ಹೊಗೆಗೆ ಕೂರಿಸಬ್ಯಾಡ್ರಿ. ಕಣ್ಣಿಗೆ ನೀರು ತಾಗದಂಗೆ ನೋಡ್ಕಳ್ರಿ.

ನಾನು ಕೆಲಸಕ್ಕೆ ಬಂದು ಒಂದು ವಾರ ಆತು. ಮೊದಲ ದಿನ ಗೇಟಿನ ಹತ್ರ ಬಂದು ವಾಪಸ್ ಹೋಗಿಬಿಡಾಣ ಅನ್ನಿಸಿತ್ತು. ಗೇಟಿನ ರಂಗಪ್ಪಣ್ಣ 'ಬರ್ರಿ ಅಕ್ಕ, ಏನ್ ಅಪರೂಪ' ಅಂದ. ಕೇಳಿಸ್ತು ಮೇಡಂ. ಒಳಗೆ ಹೋದೆ.

ಮಿಷನ್ ಶುರುವಾಗೋ ಮುಂಚೆ ಎಲ್ಲಾರ್ನೂ ಕರ್ದೆ. ಏನೇನೋ ಹೇಳಬೇಕು ಅಂತ ದಾರಿ ಉದ್ದಕ್ಕೂ ಜೋಡಿಸ್ಕಂಡು ಬಂದಿದ್ದೆ, ಒಂದೂ ನೆನಪಾಗ್ಲಿಲ್ಲ. ಕೂದಲು ಸರ್ಸಿ ಕಿವಿ ತೋರ್ಸಿದೆ. 'ನಂಗೆ ಕಿವಿ ಕೇಳಿಸಲ್ಲ. ಇದು ಹಾಕ್ಕಂಡ್ರೂ ಪೂರ್ತಿ ಕೇಳಿಸಲ್ಲ. ನಿಮಗೆ ಹೇಳಾಕೆ ನಾಚಿಕೆ ಆಗಿ ನಿಮ್ಮ ಮೇಲೆ ಜೋರು ಮಾಡ್ತಿದ್ದೆ. ಅದು ತಪ್ಪು. ಇನ್ಮೇಲೆ ಏನಿದ್ರೂ ದೀಪ ಹಾಕ್ರಿ, ಇಲ್ಲಾಂದ್ರೆ ಎದುರಿಗೆ ಬಂದು ಮಾತಾಡ್ರಿ' ಅಂದೆ. ಅಷ್ಟೇ.

ಏಕನಾಥಮ್ಮ ಸೆರಗಿನಾಗೆ ಮೂಗು ಒರೆಸ್ಕಂಡ್ಲು. ದಿವ್ಯಾ ಮಾತ್ರ ಮುಂದೆ ಬಂದ್ಲು. ಮಾಸ್ಕ್ ಇಳ್ಸಿ, ಬಿಡಿಸಿ ಬಿಡಿಸಿ ಹೇಳಿದ್ಲು: 'ದೂರು ಕೊಟ್ಟಿದ್ದು ನಾನೇ ಅಕ್ಕ. ವಾಪಸ್ ತಗಂಡಿಲ್ಲ. ನನ್ನ ಬೆರಳು ಚಳಿಗೆ ಇನ್ನೂ ನೋಯ್ತೈತೆ.'

'ತಗಾಬ್ಯಾಡ' ಅಂದೆ. 'ನೀನು ಕೊಟ್ಟಿದ್ದು ಸರಿ.'

ಅವಳು ಸ್ವಲ್ಪ ಹೊತ್ತು ನನ್ನ ಮುಖ ನೋಡಿ ತನ್ನ ಜಾಗಕ್ಕೆ ಹೋದ್ಲು. ನಂಗೆ ಅಷ್ಟೇ ಸಾಕಾಗಿತ್ತು. ಅವಳಿಗೆ ಬೇರೆ ಲೈನಿಗೆ ಹೋಗಾಕೆ ಅವಕಾಶ ಇತ್ತಂತೆ, ಇನ್ನೊಂದು ತಿಂಗಳು ನೋಡ್ತೀನಿ ಅಂದ್ಲಂತೆ. ಗುರುವಾರ ಅವಳ ಮಿಷನ್ ದೀಪ ಉರೀತು. ಓಡಿಹೋದೆ. ನೋಡಿದ್ರೆ ದಾರ ಮುಗಿದಿತ್ತು. 'ದಾರ ಅಷ್ಟೇ ಅಕ್ಕ, ಯಾಕಂಗೆ ಓಡಿ ಬಂದ್ರಿ' ಅಂದ್ಲು. ನಾನೇ ಪೋಣಿಸಿಕೊಟ್ಟೆ.

ಇನ್ನು ಇವತ್ತಿನ ಸಂಗತಿ. ಇದನ್ನ ಹೇಳಾಕೇ ಈ ಕಾಗದ ಬರೆಯಾಕೆ ಕುಂತಿದ್ದು. ಊಟ ಮುಗಿಸಿ ಒಳಗೆ ಬರ್ತಿದ್ದೆ. ಮಿಷನ್ ಯಾವೂ ಓಡ್ತಿರ್ಲಿಲ್ಲ. ನನ್ನ ಬೆನ್ನ ಹಿಂದೆ, ಬಟ್ಟೆ ರಾಶಿ ಆಚೆಯಿಂದ ಯಾರೋ ಗಂಟಲು ದಪ್ಪ ಮಾಡ್ಕಂಡು, 'ಲೇ, ಯಾರೇ ಅದು, ಕಾಲರ್ ಹೊಲಿಯೋದು ಬಿಟ್ಟು ಕಥೆ ಹೊಲೀತಾ ಇರೋದು' ಅಂತ ಕೂಗಿದ್ರು. ಹುಡ್ಗೇರೆಲ್ಲ ಕಿಸಕ್ಕಂತ ನಕ್ರು. ನಂಗೆ ಒಂದು ಗಳಿಗೆ ತಿಳೀಲಿಲ್ಲ. ಆಮೇಲೆ ತಿಳೀತು, ಅದು ನಾನು. ನನ್ನ ಮಾತು, ನನ್ನ ರಾಗ. ನಾನು ಅಷ್ಟು ಜೋರಾಗಿ ಕೂಗ್ತೀನಿ ಅಂತ ಇವತ್ತೇ ನಂಗೆ ಗೊತ್ತಾಗಿದ್ದು ಮೇಡಂ.

ತಿರುಗಿದೆ. ಎಲ್ಲಾರೂ ಗಪ್‌ಚಿಪ್. ಸೊಂಟದ ಮೇಲೆ ಕೈ ಇಟ್ಕಂಡು, ನನ್ನ ಹಂಗೇ ಕುತ್ತಿಗೆ ಚಾಚಿ ನಿಂತಿದ್ದೋಳು ದಿವ್ಯಾ. ನನ್ನ ಕಂಡು ಕೈ ಕೆಳಗಿಳಿಸಿದ್ಲು.

ನಾನು ಹತ್ರ ಹೋಗಿ ಅವಳ ಎದುರಿಗೆ ನಿಂತೆ.

'ಇನ್ನೊಂದ್ ಸಲ ಮಾಡೇ' ಅಂದೆ. 'ಸರಿಯಾಗಿ ಕೇಳಿಸ್ಲಿಲ್ಲ.'

ಮರುಳಸಿದ್ದಮ್ಮ